ನಡುಪಟ್ಟಿಯ ತುದಿಯಲ್ಲಿ ಯೇಸುನಾಮ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಲೋಹಶೋಧಕ ಯಂತ್ರ ಹಿಡಿದು ನಡೆಯುವ ಹವ್ಯಾಸಿಗಳಿಗೆ ಆಗಾಗ ಬೆರಳುದ್ದದ ತಾಮ್ರಮಿಶ್ರಲೋಹದ ತುಣುಕೊಂದು ಸಿಗುವುದುಂಟು. ಅದು ಹದಿನಾಲ್ಕು ಅಥವಾ ಹದಿನೈದನೆಯ ಶತಮಾನದ ನಡುಪಟ್ಟಿಯ ತುದಿಗವಸು. ಅಂದಿನ ಪಟ್ಟಿ ಉದ್ದವಾಗಿದ್ದು, ಬಕಲಿನಲ್ಲಿ ಬಿಗಿದ ಬಳಿಕ ಉಳಿದ ಭಾಗ ಮುಂದೆ ಇಳಿಬೀಳುತ್ತಿತ್ತು. ತೊಗಲು ಸವೆಯದಂತೆಯೂ ಪಟ್ಟಿ ನೇರವಾಗಿ ತೂಗುವಂತೆಯೂ ಅದರ ತುದಿಯನ್ನು ಎರಡು ತಗಡುಗಳ ನಡುವೆ ಸೇರಿಸಿ ರಿವೆಟ್ ಹೊಡೆಯುತ್ತಿದ್ದರು. ಕೆಲವೊಮ್ಮೆ, ತಾಮ್ರದ ಕಿಲುಬೇ ಕಾಪಾಡಿದ ತೊಗಲಿನ ಚೂರು ಇನ್ನೂ ಒಳಗಿರುತ್ತದೆ. ಇಂಥ ಕೆಲವು ತುಣುಕುಗಳ ಮೇಲೆ ಕೊರೆದ ಮೂರು ಅಕ್ಷರಗಳು ಈ ಬರಹಕ್ಕೆ ಕಾರಣ: ಐ, ಎಚ್, ಸಿ.

ನಮ್ಮ ಬಲಿಪೀಠಗಳ ಮೇಲೆ, ಪರಮಪ್ರಸಾದದ ಅಪ್ಪದ ಮೇಲೆ ಕಾಣುವ ಐಎಚ್‌ಎಸ್ ಇದರದೇ ಇನ್ನೊಂದು ರೂಪ. 'ಮನುಷ್ಯರ ರಕ್ಷಕನಾದ ಯೇಸು' ಎಂಬರ್ಥದ ಲತೀನ್ ಪದಗಳ ಮೊದಲಕ್ಷರಗಳೆಂದು ಅದನ್ನು ವಿವರಿಸುವ ವಾಡಿಕೆಯಿದೆ. ನಾವೂ ಹಾಗೆಯೇ ಕಲಿತವರು. ಅದು ಅನಂತರ ಹುಟ್ಟಿದ ವ್ಯಾಖ್ಯಾನ. ಮೂಲದಲ್ಲಿ ಇವು ಯೇಸುವಿನ ಗ್ರೀಕ್ ಹೆಸರಿನ ಮೊದಲ ಮೂರು ಅಕ್ಷರಗಳು. ಅರ್ಧಚಂದ್ರಾಕಾರದ ಸಿಗ್ಮ 'ಸಿ'ಯಂತೆ ಕಂಡಿತು. ಈಟ ಎಂಬ ಸ್ವರ 'ಎಚ್' ಆಗಿ ಓದಿಸಿಕೊಂಡಿತು. ಪಶ್ಚಿಮದ ಲಿಪಿಕಾರರು ಪ್ರಭುವಿನ ಹೆಸರನ್ನು ಪೂರ್ತಿ ಬರೆಯುವಾಗಲೂ ಆ ಅನಗತ್ಯ 'ಎಚ್' ಅನ್ನು ಉಳಿಸಿಕೊಂಡರು.

1274ರಲ್ಲಿ ಲಿಯೋನಿನ ಎರಡನೆಯ ಮಹಾಸಭೆಯು ಈ ನಾಮ ಕೇಳಿದಾಗ, ವಿಶೇಷವಾಗಿ ಬಲಿಪೂಜೆಯ ಸಮಯದಲ್ಲಿ, ತಲೆಬಾಗಬೇಕೆಂದು ವಿಧಿಸಿತು. ಸಿಯೆನ್ನಾದ ಸಂತ ಬರ್ನಾರ್ಡಿನ್ ನಾಮಾಕ್ಷರಗಳ ಫಲಕವನ್ನು ಎತ್ತಿ ತೋರಿಸಿ ಬೋಧಿಸಿದ್ದಕ್ಕೆ ವಿಗ್ರಹಾರಾಧನೆಯ ಆರೋಪ ಹೊತ್ತು, ಪೋಪ್ ಐದನೆಯ ಮಾರ್ಟಿನರ ಮುಂದೆ ನಿರ್ದೋಷಿಯೆನಿಸಿದರು. ತರಗತಿಯಲ್ಲಿ ನಾವು ಬೋಧಿಸುವುದು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಪೀಠದಿಂದ ಹೊರಟ ವಿಧಿ ಶ್ರೀಸಾಮಾನ್ಯನ ಮೈಮೇಲೆ ಎಲ್ಲಿಯವರೆಗೆ ಇಳಿಯಿತೆಂದು ಕೇಳಲು ನಮ್ಮ ಗ್ರಂಥಗಳಲ್ಲಿ ಎಡೆ ಕಡಿಮೆ. ಈ ತುಣುಕು ಉತ್ತರಿಸುತ್ತದೆ: ಸೊಂಟದವರೆಗೆ.

ಯಾರ ಸೊಂಟ? ಇಂಗ್ಲೆಂಡಿನ 1363ರ ಉಡುಪು ಶಾಸನವು ಕುಶಲಕರ್ಮಿಗಳು ಬೆಳ್ಳಿಬಂಗಾರದ ನಡುಪಟ್ಟಿ ಧರಿಸುವುದನ್ನು ನಿಷೇಧಿಸಿತ್ತು. ಚಾಸರ್ ಕವಿಯ ಯಾತ್ರಿಕರಲ್ಲಿ ಐವರು ಸಂಘಸ್ಥರು ಬೆಳ್ಳಿಯನ್ನೇ ಮೆರೆಸುತ್ತಾರೆ. ಶಾಸನ ಎಷ್ಟು ಪಾಲನೆಯಾಯಿತೆಂಬುದು ಅಲ್ಲೇ ತಿಳಿಯುತ್ತದೆ! ತಾಮ್ರದ ತುಣುಕೆಲ್ಲ ಬಡವನದೆಂದಲ್ಲ. ಆದರೆ ಬೆಳ್ಳಿಗೆ ಹಕ್ಕಿಲ್ಲದವನೂ ಅದನ್ನು ಕೊಳ್ಳಬಹುದಿತ್ತು.

ಇದು ಕೇವಲ ತಾಯಿತ, ಇದರಲ್ಲಿ ದೈವಶಾಸ್ತ್ರವೇನಿದೆ ಎನ್ನುವವರಿದ್ದಾರೆ. ನಾವು ಒಪ್ಪೆವು. ಧರಿಸಿದವನನ್ನು ಭಕ್ತಶಿರೋಮಣಿಯಾಗಿಸುವುದನ್ನೂ ಒಪ್ಪೆವು. ಅಂಗಡಿಯಲ್ಲಿ ಕಂಡ ಅಂದಕ್ಕಾಗಿಯೇ ಕೊಂಡಿರಬಹುದು, ಅಕ್ಷರಜ್ಞಾನ ಇಲ್ಲದಿರಲೂಬಹುದು. ಆದರೂ ನಡುಕಟ್ಟಿ ಸಿದ್ಧರಾಗಿರಿ ಎಂಬ ಪ್ರಭುವಿನ ಆಜ್ಞೆಯನ್ನು (ಲೂಕ 12:35), ಸತ್ಯವನ್ನೇ ನಡುಕಟ್ಟಾಗಿಸಿದ ಎಫೆಸದವರಿಗೆ ಬರೆದ ಪತ್ರದ ಮಾತನ್ನು (6:14) ದೇವಾಲಯದಲ್ಲಿ ಕೇಳುತ್ತಿದ್ದ ಸಮಾಜವದು. ಯಾಜಕನು ಸಿಂಗುಲಮ್ ಕಟ್ಟಿಕೊಳ್ಳುವಾಗ ಶುದ್ಧತೆಯನ್ನು ಬೇಡುವ ಪ್ರಾರ್ಥನೆಯೊಂದಿದೆ. ಮುಂಜಾನೆ ಕೆಲಸಕ್ಕೆ ಹೊರಡುವವನಿಗೆ ಪೂಜಾಗ್ರಂಥ ಅಂಥದೇನನ್ನೂ ಕೊಟ್ಟಿರಲಿಲ್ಲ. ಪಟ್ಟಿ ಕಟ್ಟುವಾಗ ಅವನ ಬೆರಳಿಗೆ ಆ ಮೂರಕ್ಷರ ತಾಗುತ್ತಿತ್ತು.

ಇಂದಿನ ಕಾನೂನೂ ಲೋಹವನ್ನು ತೂಗಿಯೇ ನೋಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1996ರ ನಿಧಿ ಕಾಯಿದೆಯಂತೆ, 300 ವರ್ಷಕ್ಕೂ ಹಳೆಯ ಬೆಳ್ಳಿಬಂಗಾರದ ವಸ್ತು ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಬೇಕು; ಬಿಡಿಯಾಗಿ ಸಿಕ್ಕ ತಾಮ್ರದ ತುದಿಗವಸಿಗೆ ಸಾಮಾನ್ಯವಾಗಿ ಆ ಕಡ್ಡಾಯವಿಲ್ಲ. 1997ರಲ್ಲಿ ಆರಂಭವಾದ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ಹವ್ಯಾಸಿಗಳು ಸ್ವಇಚ್ಛೆಯಿಂದ ನೋಂದಾಯಿಸಿದ್ದರಿಂದಲೇ ಇಂಥ ಅನೇಕ ತುಣುಕುಗಳು ಅಧ್ಯಯನಕ್ಕೆ ದೊರೆತಿವೆ. ಸಿಕ್ಕ ಸ್ಥಳ ಬರೆದಿಡದೆ ಜೇಬಿಗಿಳಿಸಿದ ತುಣುಕಿನ ಮೇಲೂ ಯೇಸುನಾಮ ಓದಬಹುದು. ಅದು ಯಾವ ಊರಿನ ಹೊಲದಲ್ಲಿ ಬಿದ್ದಿತ್ತು, ಹತ್ತಿರದ ದೇವಾಲಯ ಯಾವುದು ಎಂಬುದನ್ನು ಓದಲಾಗುವುದಿಲ್ಲ.