ಚೊಚ್ಚಲ ಹೆರಿಗೆ ತವರಿನಲ್ಲೋ, ದೆಹಲಿಯಲ್ಲೋ? ಲೋಧಿ ಕಾಲೋನಿಯ ಕನ್ನಡಿಗರು ಕೊನೆಯ ವಾರಗಳಲ್ಲಿ ತಿಳಿದಿರಬೇಕಾದ ಮಾಹಿತಿ

ನವದೆಹಲಿ: ಕರ್ನಾಟಕದ ಬಹುತೇಕ ಮನೆಗಳಲ್ಲಿ ಚೊಚ್ಚಲ ಹೆರಿಗೆ ತವರುಮನೆಯ ಹೊಣೆ. ಏಳನೇ ತಿಂಗಳಲ್ಲೋ ಒಂಬತ್ತನೇ ತಿಂಗಳಲ್ಲೋ ಸೀಮಂತ ಮುಗಿಸಿ ಮಗಳನ್ನು ಕರೆದೊಯ್ಯುವುದು ರೂಢಿ. ಆದರೆ ಗಂಡನಿಗೋ ಹೆಂಡತಿಗೋ ಕೇಂದ್ರ ಸರ್ಕಾರದ ನೌಕರಿ, ಸಂಸಾರ ದೆಹಲಿಯ ಲೋಧಿ ಕಾಲೋನಿಯ ಕ್ವಾರ್ಟರ್ಸ್‌ನಲ್ಲಿ ಎಂದಾದರೆ ಈ ರೂಢಿ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪ್ರಯಾಣವಾಗುತ್ತದೆ. ಹೋಗುವುದೋ, ಇಲ್ಲೇ ಇರುವುದೋ ಎಂಬ ಮಾತು ಎಂಟನೇ ತಿಂಗಳಾದರೂ ಇತ್ಯರ್ಥವಾಗದಿದ್ದರೆ ಎರಡೂ ಕಡೆಯ ಸಿದ್ಧತೆ ಅರ್ಧಕ್ಕೆ ನಿಲ್ಲುತ್ತದೆ.

1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ತನ್ನ ನೌಕರರಿಗಾಗಿ ಕಟ್ಟಿಸಿದ ಬಡಾವಣೆ ಲೋಧಿ ಕಾಲೋನಿ. ಈಗ ಗೋಡೆ ಚಿತ್ರಗಳಿಂದ ಪ್ರವಾಸಿಗರನ್ನು ಸೆಳೆಯುತ್ತಿದ್ದರೂ ಇಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಸರ್ಕಾರಿ ನೌಕರರ ಕುಟುಂಬಗಳೇ. ದೆಹಲಿ ಕನ್ನಡ ಶಾಲೆ ಪಕ್ಕದ ಲೋಧಿ ಎಸ್ಟೇಟ್‌ನಲ್ಲಿದೆ. ಅಂದರೆ ಕನ್ನಡದ ಮಾತು ಇಲ್ಲಿ ಹೊಸದಲ್ಲ. ಆದರೆ ಹೆರಿಗೆ ಹೊತ್ತಿಗೆ ಬೇಕಾಗುವ ಅಮ್ಮ, ಅತ್ತೆ, ದೊಡ್ಡಮ್ಮಂದಿರು ಮಾತ್ರ ಊರಿನಲ್ಲಿರುತ್ತಾರೆ.

32 ವಾರದೊಳಗೆ ತೀರ್ಮಾನ

ತವರಿಗೆ ಹೋಗುವುದಾದರೆ 32 ವಾರದೊಳಗೆ ಹೊರಡುವುದು ಕ್ಷೇಮ. ಗರ್ಭಿಣಿಯರ ವಿಮಾನ ಪ್ರಯಾಣಕ್ಕೆ ಪ್ರತಿ ವಿಮಾನಯಾನ ಸಂಸ್ಥೆಗೂ ತನ್ನದೇ ನಿಯಮವಿದೆ. ಕೊನೆಯ ಮೂರು ತಿಂಗಳಲ್ಲಿ ವೈದ್ಯರ ಪ್ರಮಾಣಪತ್ರ ಕೇಳುತ್ತಾರೆ, 36 ವಾರ ದಾಟಿದವರನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ರೈಲಿನಲ್ಲಿ ಅಂಥ ತಡೆ ಇಲ್ಲ ನಿಜ. ಆದರೆ ಕಾಲೋನಿಗೆ ಹತ್ತಿರದ ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಹೊರಡುವ ರಾಜಧಾನಿ ಎಕ್ಸ್‌ಪ್ರೆಸ್‌ಗೂ ಬೆಂಗಳೂರು ತಲುಪಲು ಒಂದೂವರೆ ದಿನ ಬೇಕು. ನಡುದಾರಿಯಲ್ಲಿ ನೋವು ಬಂದರೆ ಮುಂದಿನ ನಿಲ್ದಾಣ ಯಾವುದೋ, ಅಲ್ಲಿನ ಆಸ್ಪತ್ರೆ ಎಂಥದೋ.

ಊರಿಗೆ ಹೋಗುವವರು ದೆಹಲಿಯಲ್ಲಿ ಮಾಡಿಸಿದ ಸ್ಕ್ಯಾನ್, ರಕ್ತಪರೀಕ್ಷೆಗಳ ಮೂಲ ಪ್ರತಿಗಳನ್ನೇ ಒಯ್ಯಬೇಕು. ಕರ್ನಾಟಕದಲ್ಲಿ ತಾಯಿ ಕಾರ್ಡ್ ಎಂದು ಕರೆಯುವ ತಾಯಿ-ಮಗು ರಕ್ಷಣಾ ಕಾರ್ಡ್ ಇಲ್ಲಿಯೂ ಸಿಗುತ್ತದೆ. ಅದು ಕೈಯಲ್ಲಿದ್ದರೆ ಊರಿನ ವೈದ್ಯರು ಮೊದಲಿನಿಂದ ಎಲ್ಲವನ್ನೂ ಕೇಳಬೇಕಾಗುವುದಿಲ್ಲ. ತಲುಪಿದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕು.

ದೆಹಲಿಯಲ್ಲೇ ಆದರೆ ಎಲ್ಲಿ?

ಲೋಧಿ ಕಾಲೋನಿಯಲ್ಲೇ ಎನ್‌ಡಿಎಂಸಿ ನಡೆಸುವ ಪಾಲಿಕಾ ಹೆರಿಗೆ ಆಸ್ಪತ್ರೆ ಇದೆ. ಅರಬಿಂದೋ ಮಾರ್ಗದಲ್ಲಿ ಕೆಲವೇ ಕಿಲೋಮೀಟರ್ ಸಾಗಿದರೆ ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳು ಎದುರು-ಬದುರು ಸಿಗುತ್ತವೆ. ಕನ್ನಾಟ್ ಪ್ಲೇಸ್ ಕಡೆಗೆ ಹೋದರೆ ಲೇಡಿ ಹಾರ್ಡಿಂಜ್ ಕಾಲೇಜಿನ ಸುಚೇತಾ ಕೃಪಲಾನಿ ಆಸ್ಪತ್ರೆ. ಬಿಪಿ, ಸಕ್ಕರೆ ಕಾಯಿಲೆ, ಅವಳಿ ಮಕ್ಕಳು, ಮಗು ತಲೆಕೆಳಗಾಗಿ ತಿರುಗದಿರುವುದು ಇಂಥ ತೊಡಕಿದ್ದವರು ದೊಡ್ಡ ಆಸ್ಪತ್ರೆಯಲ್ಲೇ ಮೊದಲಿನಿಂದ ತೋರಿಸಿಕೊಳ್ಳುವುದು ಒಳ್ಳೆಯದು. ನವಜಾತ ಶಿಶುಗಳ ತುರ್ತು ಚಿಕಿತ್ಸಾ ಘಟಕ ಇದೆಯೇ, ರಾತ್ರಿ ಸಿಸೇರಿಯನ್ ಮಾಡುತ್ತಾರೆಯೇ, ರಕ್ತನಿಧಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ 36ನೇ ವಾರದೊಳಗೆ ಉತ್ತರ ಸಿಕ್ಕಿರಬೇಕು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದೇ ಗುಂಪಿನ ಒಬ್ಬಿಬ್ಬರು ದಾನಿಗಳ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಸಿಜಿಎಚ್‌ಎಸ್ ಕಾರ್ಡ್ ಇದ್ದು ಖಾಸಗಿ ಆಸ್ಪತ್ರೆಗೆ ಹೋಗುವವರು ತಮ್ಮ ವೆಲ್‌ನೆಸ್ ಸೆಂಟರ್‌ನಲ್ಲಿ ಶಿಫಾರಸು ಪತ್ರದ ವಿಚಾರವನ್ನು ಮೊದಲೇ ಮುಗಿಸಿಕೊಳ್ಳಬೇಕು.

ಕರ್ನಾಟಕದವರಿಗೆ ಆಂಬುಲೆನ್ಸ್ ಎಂದರೆ 108. ದೆಹಲಿ ಸರ್ಕಾರದ ಕ್ಯಾಟ್ಸ್ ಆಂಬುಲೆನ್ಸ್‌ನ ಸಂಖ್ಯೆ 102. ತುರ್ತಿನಲ್ಲಿ 112ಕ್ಕೂ ಕರೆ ಮಾಡಬಹುದು. ಜನವರಿಯಲ್ಲಿ ಹೆರಿಗೆ ದಿನಾಂಕ ಇರುವವರಿಗೆ ಇನ್ನೊಂದು ತಲೆನೋವು: ಗಣರಾಜ್ಯೋತ್ಸವ ಪರೇಡ್ ಮತ್ತು ಅದರ ತಾಲೀಮಿನ ದಿನಗಳಲ್ಲಿ ಇಂಡಿಯಾ ಗೇಟ್ ಸುತ್ತಲಿನ ರಸ್ತೆಗಳು ಮುಚ್ಚಿರುತ್ತವೆ. ಕನ್ನಾಟ್ ಪ್ಲೇಸ್ ಕಡೆಯ ಆಸ್ಪತ್ರೆ ಆರಿಸಿಕೊಂಡವರು ಬೇರೆ ದಾರಿಯಲ್ಲಿ ಒಮ್ಮೆ ಹೋಗಿ ನೋಡಿ ಬರಬೇಕು.

ಒಳಗೆ ಯಾರು ಇರುತ್ತಾರೆ?

ಎಲ್ಲ ಸಿದ್ಧತೆಗಿಂತ ಮುಖ್ಯವಾದದ್ದು ಇದು. ಹೆರಿಗೆಯ ವೇಳೆ ಒಬ್ಬ ಸಂಗಾತಿ ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಆದರೆ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡ್‌ಗಳಲ್ಲಿ ಹಲವು ಬಾಣಂತಿಯರು ಒಟ್ಟಿಗೆ ಇರುವುದರಿಂದ ಸಾಮಾನ್ಯವಾಗಿ ಹೆಂಗಸರಿಗೆ ಮಾತ್ರ ಪ್ರವೇಶ. ಹಿಂದಿ ಬಲ್ಲ ಗಂಡ ಗೇಟಿನ ಹೊರಗೆ, ಹಿಂದಿ ಬಾರದ ತಾಯಿಯೋ ಅತ್ತೆಯೋ ಒಳಗೆ. ಊರಿನಿಂದ ಮೊದಲ ಬಾರಿ ದೆಹಲಿಗೆ ಬಂದ ಅಮ್ಮನಿಗೆ ಮಗಳ ಸ್ಥಿತಿ ನರ್ಸ್‌ಗೆ ಹೇಳಲು ಮಾತೇ ಇರುವುದಿಲ್ಲ.

ಹೆರಿಗೆಯಾದ ಮೊದಲ 24 ಗಂಟೆಗಳಲ್ಲಿ ಅತಿ ರಕ್ತಸ್ರಾವದ ಅಪಾಯ ಹೆಚ್ಚು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ತಲೆ ಸುತ್ತಿದರೆ ಕೂಡಲೇ ಹೇಳಬೇಕು. ಹೀಗಾಗಿ ಬೇಕಾಗುವ ಮಾತುಗಳನ್ನು ಒಂದು ಹಾಳೆಯಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದು ಕೊಡುವುದು ಉಪಯುಕ್ತ. 'ಖೂನ್ ಜ್ಯಾದಾ ಆ ರಹಾ ಹೈ' ಎಂದರೆ ರಕ್ತ ಹೆಚ್ಚು ಹೋಗುತ್ತಿದೆ. 'ಚಕ್ಕರ್ ಆ ರಹಾ ಹೈ' ಎಂದರೆ ತಲೆ ಸುತ್ತುತ್ತಿದೆ. 'ಬಚ್ಚಾ ದೂಧ್ ನಹೀ ಪೀ ರಹಾ' ಎಂದರೆ ಮಗು ಹಾಲು ಕುಡಿಯುತ್ತಿಲ್ಲ. 'ಟಾಂಕೆ' ಎಂದರೆ ಹೊಲಿಗೆ, 'ಪರ್ಚಿ' ಎಂದರೆ ಚೀಟಿ, 'ಜಚ್ಚಾ' ಎಂದರೆ ಬಾಣಂತಿ. 'ಛುಟ್ಟಿ' ಎಂದು ಕೇಳಿದಾಗ ನರ್ಸ್‌ಗೆ ರಜೆ ಎಂದುಕೊಳ್ಳಬಾರದು, ಅಲ್ಲಿ ಅದು ಡಿಸ್ಚಾರ್ಜ್. ನೆರೆಮನೆಯ ಹಿಂದಿ ಬಲ್ಲ ಒಬ್ಬ ಹೆಂಗಸು ಮೊದಲ ರಾತ್ರಿ ಜೊತೆಗಿರಲು ಒಪ್ಪಿದರೆ ಇನ್ನೂ ನಿರಾಳ. ಅವರನ್ನು ನೋವು ಬಂದ ಮೇಲಲ್ಲ, ಈಗಲೇ ಕೇಳಿಟ್ಟಿರಬೇಕು.

ಅಮ್ಮ ಯಾವಾಗ ಬರಬೇಕು? ಲೆಕ್ಕ ಹಾಕಿ ಕೊಟ್ಟ ದಿನಾಂಕದಂದೇ ಹೆರಿಗೆಯಾಗುವುದು ಅಪರೂಪ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು. ಆದ್ದರಿಂದ 36ನೇ ವಾರಕ್ಕೇ ಅವರು ದೆಹಲಿಯಲ್ಲಿರುವಂತೆ ಟಿಕೆಟ್ ಮಾಡಿಸುವುದು ಸೂಕ್ತ.

ಆಸ್ಪತ್ರೆಗೆ ಯಾವಾಗ ಹೊರಡಬೇಕು?

ಹೊಟ್ಟೆ ಗಟ್ಟಿಯಾಗಿ ಮತ್ತೆ ಸಡಿಲವಾಗುವುದು, ನಡೆದಾಡಿದರೆ ಅಥವಾ ಮಲಗಿದರೆ ಕಡಿಮೆಯಾಗುವುದು ಸುಳ್ಳು ನೋವು. ನಿಜವಾದ ನೋವು ಹೊತ್ತು ಕಳೆದಂತೆ ಹತ್ತಿರ ಹತ್ತಿರ ಬರುತ್ತದೆ, ಜೋರಾಗುತ್ತದೆ. ಐದು ನಿಮಿಷಕ್ಕೊಮ್ಮೆ ಬಂದು ಸುಮಾರು ಒಂದು ನಿಮಿಷ ಇರುವ ನೋವು ಒಂದು ಗಂಟೆ ಹಾಗೆಯೇ ಮುಂದುವರಿದರೆ ಹೊರಡುವ ಹೊತ್ತು.

ಕೆಲವು ಲಕ್ಷಣಗಳಿಗೆ ನೋವಿಗಾಗಿ ಕಾಯುವಂತಿಲ್ಲ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಚಲನೆ ಎಂದಿಗಿಂತ ಕಡಿಮೆ ಎನಿಸಿದರೆ ಅಂದೇ, ಆಗಲೇ ಆಸ್ಪತ್ರೆಗೆ ಹೋಗಬೇಕು. ಬಸುರಿಗೆ ಕಾಲು ಊದುವುದು ಸಹಜ ಎಂದು ಹಿರಿಯರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಮುಖ, ಕೈ ದಿಢೀರ್ ಊದಿಕೊಂಡು, ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಇದ್ದರೆ ಅದು ರಕ್ತದೊತ್ತಡ ಏರಿದ ಸೂಚನೆ. ಫಿಟ್ಸ್ ಬರುವ ಅಪಾಯವಿದೆ.

ಬ್ಯಾಗ್‌ನಲ್ಲಿ ಏನಿರಬೇಕು ಎಂಬುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಾರ್ಡ್, ವರದಿಗಳು, ಇಬ್ಬರ ಆಧಾರ್, ಮುಂದೆ ಗುಂಡಿಯಿರುವ ಎರಡು ನೈಟಿ, ದೊಡ್ಡ ಪ್ಯಾಡ್, ಫೋನ್ ಚಾರ್ಜರ್, ಚಿಲ್ಲರೆ ಹಣ. ಮಗು ಹುಟ್ಟುವ ಮುನ್ನ ಹೊಸ ಬಟ್ಟೆ ಕೊಳ್ಳಬಾರದು ಎಂಬ ನಂಬಿಕೆ ಇರುವ ಮನೆಗಳಿಗೆ ಊರಿನ ಪದ್ಧತಿಯೇ ಉತ್ತರ: ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಒಂದು ಕುಲಾವಿ, ಅಜ್ಜಿ ಹೊಲಿದ ಕೌದಿ. ಬೇರೆ ಏನೇ ಬೇಕಾದರೂ ಖನ್ನಾ ಮಾರ್ಕೆಟ್ ಕೂಗಳತೆಯಲ್ಲಿದೆ.

ಬಾಣಂತಿ ಕೋಣೆಯ ಕೆಂಡ, ಹೊಗೆ

ಊರಿನ ಬಾಣಂತನವನ್ನು ಹಾಗೆಯೇ ದೆಹಲಿಗೆ ತಂದರೆ ಒಂದು ಕಡೆ ಪ್ರಾಣಾಪಾಯವಿದೆ. ಬಾಣಂತಿಗೆ, ಮಗುವಿಗೆ ಶಾಖ ಕೊಡಲು ಕೆಂಡ ಇಡುವುದು, ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ಹಳೆಯ ಪದ್ಧತಿ. ಗಾಳಿಯಾಡುವ ಹಂಚಿನ ಮನೆಯಲ್ಲಿ ಅದು ನಡೆದು ಹೋಗುತ್ತಿತ್ತು. ಡಿಸೆಂಬರ್ ಚಳಿಗೆ ಕಿಟಕಿ-ಬಾಗಿಲು ಬಿಗಿದ ದೆಹಲಿಯ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಅಂಗೀಠಿ ಹಚ್ಚಿ ಮಲಗಿದವರು ಸತ್ತ ಸುದ್ದಿ ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಬರುತ್ತದೆ. ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಸಾಕು. ಅದಕ್ಕಿಂತ ಒಳ್ಳೆಯ ಶಾಖ ತಾಯಿಯ ಎದೆಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಹಿಡಿದಾಗ ಸಿಗುತ್ತದೆ.

ನವೆಂಬರ್‌ನಿಂದ ಜನವರಿವರೆಗೆ ಹೊರಗಿನ ಗಾಳಿಯೇ ಹಾಳಾಗಿರುವಾಗ ಒಳಗೂ ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿಯ ಹೊಗೆ ಸೇರಿಸುವುದು ಮಗುವಿನ ಶ್ವಾಸಕೋಶಕ್ಕೆ ಹೊರೆ. ಬೆಳಗಿನ ದಟ್ಟ ಮಂಜು-ಹೊಗೆ ಕಳೆದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಕಿಟಕಿ ತೆರೆದರೆ ಒಳ್ಳೆಯದು.

ಪಥ್ಯದ ವಿಷಯದಲ್ಲೂ ಅಜ್ಜಿಯರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ಬಾಣಂತಿಗೆ ನೀರು ಕಡಿಮೆ, ಕಾಳು-ತರಕಾರಿ ಬೇಡ, ಬರೀ ಬಿಳಿ ಅನ್ನ, ತುಪ್ಪ, ಸಾರು ಎಂಬ ಕಟ್ಟುಪಾಡು ಹಲವೆಡೆ ಇದೆ. ಇಂಥ ಊಟದಿಂದ ತಾಯಿಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ ಕಡಿಮೆಯಾಗಿ, ಎದೆಹಾಲನ್ನೇ ನಂಬಿದ ಕೂಸುಗಳಿಗೆ ಹೃದಯ-ಶ್ವಾಸದ ತೀವ್ರ ತೊಂದರೆ ಬಂದ ಪ್ರಕರಣಗಳನ್ನು ಕರ್ನಾಟಕದ ವೈದ್ಯರೇ ದಾಖಲಿಸಿದ್ದಾರೆ. ಬೇಳೆ, ಕಾಳು, ಸೊಪ್ಪು, ಬೇಕಾದಷ್ಟು ನೀರು ಇರಲೇಬೇಕು. ಮೆಂತ್ಯದ ಲಾಡು, ಅಂಟಿನುಂಡೆಗೆ ಯಾರ ಅಡ್ಡಿಯೂ ಇಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಅದೊಂದೇ. ಊರಿನ ಜೇನುತುಪ್ಪ, ಬಜೆಯೂ ಬೇಡ, ದೆಹಲಿಯ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ 'ಜನಮ್ ಘುಟ್ಟಿ'ಯೂ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸುವಂತಿಲ್ಲ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಲಸಿಕೆಗಳನ್ನು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಹಾಕಿಸಬೇಕು. ಹೆಪಟೈಟಿಸ್ ಬಿ ಮೊದಲ ಡೋಸ್‌ಗೆ 24 ಗಂಟೆಯ ಗಡುವಿದೆ.

ರಜೆ, ಹಣ, ಪ್ರಮಾಣಪತ್ರ

ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಗೆ 180 ದಿನ ಹೆರಿಗೆ ರಜೆ. ಖಾಸಗಿ ಉದ್ಯೋಗಿಗೆ 2017ರ ತಿದ್ದುಪಡಿಯಂತೆ 26 ವಾರ. ಅದರಲ್ಲಿ ಹೆರಿಗೆಗೆ ಮುಂಚೆ ಗರಿಷ್ಠ 8 ವಾರ ಬಳಸಬಹುದು. ಕೇಂದ್ರ ನೌಕರನಾದ ತಂದೆಗೆ 15 ದಿನ ಪಿತೃತ್ವ ರಜೆ ಇದ್ದು, ಹೆರಿಗೆಗೆ 15 ದಿನ ಮುಂಚಿನಿಂದ ಆರು ತಿಂಗಳವರೆಗೆ ತೆಗೆದುಕೊಳ್ಳಬಹುದು, ಆಮೇಲೆ ರದ್ದಾಗುತ್ತದೆ. ಅಮ್ಮ ಊರಿಗೆ ಮರಳುವ ವಾರಕ್ಕೆ ಅದನ್ನು ಉಳಿಸಿಕೊಂಡರೆ ಹೆಚ್ಚು ಉಪಯೋಗ.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ 5,000 ರೂ. ಎರಡು ಕಂತಿನಲ್ಲಿ ಸಿಗುತ್ತದೆ. ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ ಇದು ಅನ್ವಯಿಸದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ.ಗಿಂತ ಕಡಿಮೆ ಇರುವವರು ಸೇರಿದಂತೆ ಹಲವು ವರ್ಗದವರು ಅರ್ಹರು. ಕಾಲೋನಿಯ ಮನೆಗಳಲ್ಲಿ ಕೆಲಸ ಮಾಡುವ ಗರ್ಭಿಣಿಯರಿಗೂ ಈ ವಿಷಯ ತಿಳಿಸಬಹುದು. ಅರ್ಜಿಗೆ ಅಂಗನವಾಡಿಯಲ್ಲಿ ಕೇಳಬೇಕು.

ಜನನ ನೋಂದಣಿಗೆ 21 ದಿನಗಳ ಗಡುವು. ನೋಂದಣಿಯಾಗುವುದು ಮಗು ಹುಟ್ಟಿದ ಜಾಗದಲ್ಲೇ ಹೊರತು ತಂದೆತಾಯಿಯ ವಿಳಾಸದಲ್ಲಲ್ಲ. ದಾವಣಗೆರೆಯಲ್ಲಿ ಹುಟ್ಟಿದ ಮಗುವಿಗೆ ದೆಹಲಿಯಲ್ಲಿ ಪ್ರಮಾಣಪತ್ರ ಸಿಗದು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮುಂತಾದವಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆ ಇದೊಂದೇ. ನಾಮಕರಣ ಇನ್ನೂ ಆಗಿಲ್ಲವೆಂದು ನೋಂದಣಿ ತಡ ಮಾಡಬೇಕಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತಂದೆತಾಯಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ, ಇನಿಷಿಯಲ್ ಸಮೇತ ಬರೆಯಲಾಗಿದೆಯೇ ಎಂದು ಆಸ್ಪತ್ರೆಯ ಅರ್ಜಿಯಲ್ಲೇ ನೋಡಿಕೊಳ್ಳಬೇಕು. ಕರ್ನಾಟಕದ ಇನಿಷಿಯಲ್‌ಗಳು ದೆಹಲಿಯ ಗುಮಾಸ್ತರ ಕೈಯಲ್ಲಿ ಹೆಸರಿನ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಜಿಗಿಯುವುದುಂಟು.