ಮೂಸೆಯ ಉಕ್ಕು, ತುಕ್ಕು ಹಿಡಿಯದ ಉಕ್ಕು: ಮಳವಳ್ಳಿ ಸೀಮೆ ಮತ್ತು ಉಷ್ಣ ಸಂಸ್ಕರಣೆಯ ಚರಿತ್ರೆ

ಶಿಂಷಾ ನದಿಗೆ ಹತ್ತಿರದ ಕೊಕ್ಕರೆ ಬೆಳ್ಳೂರು ಇಂದು ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಊರೆಂದು ಹೆಸರಾಗಿದ್ದರೂ, ಅದು ಸೇರಿದ ಮದ್ದೂರು–ಮಳವಳ್ಳಿ ಸೀಮೆಗೆ ಲೋಹವಿದ್ಯೆಯ ಚರಿತ್ರೆಯಲ್ಲಿಯೂ ಸ್ಥಾನವಿದೆ. 20ನೆಯ ಶತಮಾನದ ಮೊದಲ ದಶಕದಲ್ಲಿ ಹೊರಬಂದ ಇಂಪೀರಿಯಲ್ ಗೆಜೆಟಿಯರು ಮೈಸೂರು ಸಂಸ್ಥಾನದಲ್ಲಿ ಉಕ್ಕು ತಯಾರಾಗುತ್ತಿದ್ದ ಮುಖ್ಯ ತಾಲ್ಲೂಕುಗಳನ್ನು ಹೇಳುವಾಗ ಹೆಗ್ಗಡದೇವನಕೋಟೆ ಮತ್ತು ಮಧುಗಿರಿಗಳ ಜೊತೆಗೆ ಮಳವಳ್ಳಿಯನ್ನು ಹೆಸರಿಸುತ್ತದೆ. ಮದ್ದೂರಿಗೆ ನೆರೆಯಾದ ಚನ್ನಪಟ್ಟಣವಂತೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೆ ಬಹುಕಾಲದಿಂದ ಪ್ರಸಿದ್ಧವಾಗಿತ್ತು.

ಈ ಉಕ್ಕಿನ ತಯಾರಿಕೆಯನ್ನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಕಡೆ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಹಾಗೂ ಹಸಿರೆಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸಿದಾಗ, ಗಿಡದಿಂದ ಬಂದ ಇಂಗಾಲವನ್ನು ಹೀರಿಕೊಂಡ ಕಬ್ಬಿಣವು ಕರಗಿ ಉಕ್ಕಿನ ಗಟ್ಟಿಯಾಗುತ್ತಿತ್ತು. ಇಂತಹ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2ರವರೆಗೆ ಇಂಗಾಲವಿರುವುದರಿಂದ ಅದು ಹಾಗೆಯೇ ಬಡಿದರೆ ಸಿಡಿಯುವಷ್ಟು ಪೆಡಸಾಗಿರುತ್ತದೆ. ಆದ್ದರಿಂದ ದಕ್ಷಿಣ ಭಾರತದ ಕಮ್ಮಾರರು ಗಟ್ಟಿಗಳನ್ನು ಕರಗುವ ಹಂತಕ್ಕಿಂತ ತುಸು ಕೆಳಗಿನ ಕಾವಿನಲ್ಲಿ ಹಲವು ಗಂಟೆ ಇಟ್ಟು, ಗಾಳಿಗೆ ಒಡ್ಡುತ್ತ ಮಗುಚಿ, ಮಿಕ್ಕ ಇಂಗಾಲವನ್ನು ಕಳೆಯುತ್ತಿದ್ದರು. ಅನಂತರವೂ ಮಂದ ಕೆಂಪು ಬಣ್ಣದ ಆಸುಪಾಸಿನ ಕಾವಿನಲ್ಲಿಯೇ ಅದನ್ನು ಬಡಿಯಬೇಕಾಗಿತ್ತು. ಉಷ್ಣ ಸಂಸ್ಕರಣೆ, ಅಂದರೆ ಲೋಹವನ್ನು ಲೆಕ್ಕಾಚಾರದಿಂದ ಕಾಯಿಸಿ ತಣಿಸಿ ಅದರ ಗುಣವನ್ನು ಮಾರ್ಪಡಿಸುವ ವಿದ್ಯೆಯು, ಇಲ್ಲಿ ಬಣ್ಣ ನೋಡುವ ಕಣ್ಣಿನ ಪಳಗಿಕೆಯನ್ನೇ ನಂಬಿತ್ತು. ತಮ್ಮ ದೇಶದ ಕಡಿಮೆ ಇಂಗಾಲದ ಉಕ್ಕನ್ನು ಬಿಳಿಕಾವಿನಲ್ಲಿ ಬಡಿದು ರೂಢಿಯಿದ್ದ ಯುರೋಪಿನ ಕಮ್ಮಾರರ ಕೈಯಲ್ಲಿ ಇದೇ ಗಟ್ಟಿಗಳು ಪುಡಿಪುಡಿಯಾದದ್ದು ಉಕ್ಕಿನ ದೋಷದಿಂದಲ್ಲ.

ಮುಂಬಯಿಯ ಮಾರ್ಗವಾಗಿ ಲಂಡನ್ನಿಗೆ ಹೋದ ಇಂತಹ ಉಕ್ಕಿನ ಮಾದರಿಗಳನ್ನು 1795ರಲ್ಲಿ ಜಾರ್ಜ್ ಪಿಯರ್ಸನ್, 1819ರಲ್ಲಿ ಮೈಕೆಲ್ ಫ್ಯಾರಡೆ ಪರೀಕ್ಷಿಸಿದರು. ಅದರ ಗುಣವನ್ನು ಅನುಕರಿಸಲು ಹೊರಟ ಫ್ಯಾರಡೆ ಮತ್ತು ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸುತ್ತ ಹೋಗಿ, 1822ರ ಹೊತ್ತಿಗೆ ಕ್ರೋಮಿಯಂ ಬೆರೆತ ಉಕ್ಕನ್ನೂ ಮಾಡಿನೋಡಿದ್ದರು. ತುಕ್ಕು ಹಿಡಿಯದ ಉಕ್ಕಿನ ವಂಶಾವಳಿಯಲ್ಲಿ ಭಾರತದ ಮೂಸೆಗೆ ಸಿಗಬೇಕಾದ ಮನ್ನಣೆ ಈ ಘಟ್ಟದಲ್ಲಿದೆ. ಮುಂದೆ 1912ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯ ಸ್ಟ್ರಾಸ್ ಮತ್ತು ಮೌರರ್ ಕ್ರೋಮಿಯಂ–ನಿಕ್ಕಲ್ ಉಕ್ಕನ್ನೂ, 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಶೇ. 12.8 ಕ್ರೋಮಿಯಮ್ಮಿನ ಉಕ್ಕನ್ನೂ ರೂಪಿಸಿದರು. ಬ್ರಿಯರ್ಲಿಯ ಉಕ್ಕಿನಿಂದ ಮಾಡಿದ ಚಾಕುಗಳು ಮೊದಮೊದಲು ಹರಿತವೇ ಆಗಲಿಲ್ಲ. ಕ್ರೋಮಿಯಂ ಕಾರ್ಬೈಡುಗಳು ಕರಗಲು ಹೆಚ್ಚಿನ ಕಾವು ಬೇಕೆಂಬುದು ತಿಳಿಯದೆ ಕತ್ತಿಗಾರರು ಹಳೆಯ ಉಕ್ಕಿನ ಕಾವಿನಲ್ಲಿಯೇ ಅದಕ್ಕೆ ಹದ ಕೊಟ್ಟಿದ್ದರು.

ಬ್ರಿಯರ್ಲಿಯ ಉಕ್ಕು ಇಂದು ಮಾರ್ಟೆನ್ಸೈಟ್ ವರ್ಗಕ್ಕೆ ಸೇರುತ್ತದೆ. ಇದನ್ನು ಸುಮಾರು 950ರಿಂದ 1050 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅಥವಾ ಗಾಳಿಯಲ್ಲಿ ಬೇಗ ತಣಿಸಿದರೆ ಇಂಗಾಲವು ಹರಳಿನೊಳಗೆ ಸಿಕ್ಕಿಕೊಂಡು ಉಕ್ಕು ಗಡುಸಾಗುತ್ತದೆ. ಆಮೇಲೆ ಕಡಿಮೆ ಕಾವಿನಲ್ಲಿ ಮತ್ತೆ ಕಾಯಿಸಿದರೆ ಪೆಡಸುತನ ಇಳಿಯುತ್ತದೆ. ಇದು ಕುಡುಗೋಲಿಗೆ ಹದ ಕೊಡುವ ಕಮ್ಮಾರನಿಗೂ ಪರಿಚಿತವಾದ ಕ್ರಮವೇ. ಆದರೆ ಪಾತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ, ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುವ ಆಸ್ಟೆನೈಟ್ ವರ್ಗದ ಉಕ್ಕು ಈ ನಿಯಮವನ್ನು ತಲೆಕೆಳಗು ಮಾಡುತ್ತದೆ. ಅದನ್ನು 1040 ಡಿಗ್ರಿಗೂ ಮೇಲೆ ಕಾಯಿಸಿ ನೀರಿನಲ್ಲಿ ತಣಿಸಿದರೆ ಗಡುಸಾಗುವ ಬದಲು ಮೆದುವಾಗುತ್ತದೆ. ಇಲ್ಲಿ ತಣಿಸುವ ಉದ್ದೇಶವೇ ಬೇರೆ: 450ರಿಂದ 850 ಡಿಗ್ರಿಗಳ ನಡುವೆ ಹೆಚ್ಚು ಹೊತ್ತು ನಿಂತರೆ ಇಂಗಾಲವು ಕ್ರೋಮಿಯಂನೊಂದಿಗೆ ಕೂಡಿ ಹರಳುಗಳ ಅಂಚಿನಲ್ಲಿ ಕಾರ್ಬೈಡಾಗಿ ಸೇರಿಕೊಳ್ಳುವುದರಿಂದ, ಅಂಚಿನ ಪಕ್ಕದ ಲೋಹ ಕ್ರೋಮಿಯಂ ಕಳೆದುಕೊಂಡು ಕೊರೆತಕ್ಕೆ ಈಡಾಗುತ್ತದೆ. ಬೆಸುಗೆಯ ಪಕ್ಕದಲ್ಲಿ ಕಾಣಿಸಿಕೊಳ್ಳುವ ಸವಕಳಿಗೆ ಇದೇ ಕಾರಣ. ಫೆರೈಟ್ ವರ್ಗದ ಉಕ್ಕಾದರೋ ತಣಿಸಿ ಗಡುಸು ಮಾಡುವ ವಿಧಾನಕ್ಕೆ ಬಗ್ಗುವುದಿಲ್ಲ. 475 ಡಿಗ್ರಿಯ ಸುತ್ತಮುತ್ತ ಬಹಳ ಹೊತ್ತು ಬಿಟ್ಟರೆ ಪೆಡಸೂ ಆಗುತ್ತದೆ.

ಹಾಗಾಗಿ ಯಾವ ವಿಧಾನ ಮೇಲು ಎಂಬ ಪ್ರಶ್ನೆಗೆ ಉಕ್ಕಿನ ಜಾತಿಯನ್ನು ಬಿಟ್ಟು ಉತ್ತರವಿಲ್ಲ. ಇಂಗಾಲ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದೇ ಮೂಸೆಯ ಉಕ್ಕಿಗೂ ತುಕ್ಕು ಹಿಡಿಯದ ಉಕ್ಕಿಗೂ ಸಮಾನವಾದ ಕೆಲಸ. ಆಸ್ಟೆನೈಟ್ ಉಕ್ಕಿಗೆ ಗಡಸುತನ ಬೇಕಾದಾಗ ಬೆಂಕಿಯನ್ನು ಬಿಟ್ಟು ತಣ್ಣಗಿರುವಾಗಲೇ ಎಳೆದು ಬಲ ತುಂಬುತ್ತಾರೆಂಬುದನ್ನು ನೆನೆದರೆ, ಚನ್ನಪಟ್ಟಣದ ತಂತಿಯ ಕಸುಬು ಕೂಡ ಈ ಹೋಲಿಕೆಗೆ ಹೊರಗಿನದಲ್ಲ.

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಗಳು ಪ್ರಯೋಗಾಲಯದ ಪರೀಕ್ಷೆಗೆ ಒಳಪಟ್ಟು ಅಲ್ಲಿನ ಉಕ್ಕಿನ ಚರಿತ್ರೆಯನ್ನು ಬೆಳಗಿವೆ. ಮಳವಳ್ಳಿ ಸೀಮೆಯ ಹೊಲಗಳಲ್ಲಿ ಉಳಿದಿರಬಹುದಾದ ಕಿಟ್ಟ ಮತ್ತು ಮೂಸೆಯ ಚೂರುಗಳನ್ನು, ಉಳುಮೆಯೂ ರಸ್ತೆಯೂ ಅಳಿಸಿಹಾಕುವ ಮುನ್ನ, ಪುರಾತತ್ತ್ವ ಮತ್ತು ಲೋಹಶಾಸ್ತ್ರದ ವಿದ್ವಾಂಸರು ಜೊತೆಗೂಡಿ ಅಂಥದೇ ಪರೀಕ್ಷೆಗೆ ಒಳಪಡಿಸಬೇಕು.