ಸ್ತನ ಮರುರಚನೆಯ ನಂತರದ ಚೇತರಿಕೆ: ಹೊಳೆಮಣ್ಣೂರಿನ ಕಡೆಯಿಂದ ಒಂದು ಟಿಪ್ಪಣಿ

ಕ್ಯಾನ್ಸರಿನಿಂದ ಕಳೆದುಕೊಂಡ ಸ್ತನವನ್ನು ಶಸ್ತ್ರಚಿಕಿತ್ಸೆಯಿಂದ ಮರುರಚಿಸಿಕೊಂಡವರು ಬೇಗ ಎದ್ದು ಓಡಾಡುವಂತೆ ಮಾಡುವ ಆರೈಕೆಯ ಕ್ರಮವೊಂದಿದೆ. ವೈದ್ಯರ ಬಾಯಲ್ಲಿ ಅದು ‘ಇರಾಸ್’. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕೆ ಬುನಾದಿ ಹಾಕಿದರು. ಸ್ತನ ಮರುರಚನೆಗೆ ಹೊಂದುವ 18 ಶಿಫಾರಸುಗಳನ್ನು ಕ್ಲೇರ್ ಟೆಂಪಲ್-ಒಬರ್ಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 2015ರಲ್ಲಿ, ಅಮೆರಿಕದ ಮೇಯೊ ಕ್ಲಿನಿಕ್ ವರದಿಯೊಂದರಲ್ಲಿ ಆಸ್ಪತ್ರೆವಾಸ ಸರಾಸರಿ 5.5 ದಿನದಿಂದ 3.9ಕ್ಕೆ ಇಳಿದದ್ದು ದಾಖಲಾಗಿತ್ತು.

ರೋಣ ತಾಲ್ಲೂಕಿನ ಹೊಳೆಮಣ್ಣೂರಿನ ಹೆಣ್ಣುಮಗಳಿಗೆ ಈ 3.9 ಏನು ಹೇಳುತ್ತದೆ? ಚಿಕಿತ್ಸೆಗೆ ಆಕೆ ಗದಗ ದಾಟಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕು. ಆಸ್ಪತ್ರೆಯ ದಿನ ಕಡಿಮೆಯಾದಷ್ಟೂ ಆರೈಕೆ ಮನೆಯವರ ಮೇಲೆ ಬೀಳುತ್ತದೆ. ಹಾಗಾಗಿ ಈ ಭಾಗದಲ್ಲಿ ಸುಧಾರಣೆ ಆಗಬೇಕಾದದ್ದು ಭರ್ತಿಗೆ ಮುಂಚಿನ ಮಾತುಕತೆಯಲ್ಲಿ ಮತ್ತು ಊರಿಗೆ ಮರಳಿದ ಮೇಲಿನ ವಾರಗಳಲ್ಲಿ ಎಂಬುದು ನನ್ನ ವಾದ.

ಮೊದಲು ತಂಬಾಕು. ಶಸ್ತ್ರಚಿಕಿತ್ಸೆಗೆ ಒಂದು ತಿಂಗಳು ಮೊದಲೇ ಧೂಮಪಾನ ಬಿಡಬೇಕೆನ್ನುತ್ತದೆ ಶಿಫಾರಸು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುವುದರಿಂದ ಸ್ತನ ರೂಪಿಸಲು ಮೈಯ ಬೇರೆಡೆಯಿಂದ ತಂದು ಕಸಿ ಮಾಡಿದ ಅಂಗಾಂಶಕ್ಕೆ ರಕ್ತ ಸಾಲದಾಗುತ್ತದೆ. “ಬೀಡಿ, ಸಿಗರೇಟು ಸೇದ್ತೀರಾ?” ಎಂದು ನಮ್ಮ ಕಡೆಯ ಹೆಂಗಸನ್ನು ಕೇಳಿದರೆ ಆಕೆ ನಕ್ಕು “ಅಯ್ಯ, ಇಲ್ರಿ” ಅಂದಾಳು. ಎಲಿ-ಅಡಕಿ ಸಂಚಿಯಲ್ಲಿರುವ ತಂಬಾಕಿನ ಎಸಳು, ಹಲ್ಲಿಗೆ ತಿಕ್ಕುವ ಪುಡಿ ಆ ಉತ್ತರದೊಳಗೆ ಬರುವುದೇ ಇಲ್ಲ. ನಿಕೋಟಿನ್ ಅದರಲ್ಲೂ ಇದೆ. ಪ್ರಶ್ನೆಯನ್ನೇ ಬದಲಿಸಬೇಕು.

ಹೊಟ್ಟೆಯ ವಿಷಯವೂ ಹೀಗೇ. ಹಿಂದಿನ ರಾತ್ರಿಯಿಂದ ಹನಿ ನೀರೂ ಕೂಡದೆಂಬ ಹಳೆಯ ಕಟ್ಟಳೆ ಈಗ ಸಡಿಲಾಗಿದೆ. ಅರಿವಳಿಕೆಗೆ 2 ತಾಸು ಮೊದಲಿನವರೆಗೆ ನೀರಿನಂಥ ತಿಳಿ ಪಾನೀಯ ಕುಡಿಯಬಹುದು. ಹಾಲು ಹಾಕಿದ ಚಹಾ, ಮಜ್ಜಿಗೆ ಮಾತ್ರ ಈ ಲೆಕ್ಕಕ್ಕೆ ಬಾರವು. ಶಸ್ತ್ರಚಿಕಿತ್ಸೆಯಾದ 24 ತಾಸಿನೊಳಗೆ ಊಟ ಕೊಡಬೇಕು, ಎಬ್ಬಿಸಿ ನಡೆಸಬೇಕು. ಆದರೆ ಊರಿಗೆ ಬಂದ ಕೂಡಲೇ ‘ನಂಜಾಗತೈತಿ’ ಎಂದು ಶೇಂಗಾ, ತತ್ತಿ ತಪ್ಪಿಸುವವರಿದ್ದಾರೆ. ಗಾಯ ಮಾಯಲು ಪ್ರೋಟೀನು ಬೇಕಾದ ಹೊತ್ತು ಅದು. ಅತ್ತೆಯನ್ನೋ ತಾಯಿಯನ್ನೋ ಎದುರಿಗೆ ಕೂಡಿಸಿಕೊಂಡು ವೈದ್ಯರೇ ಹೇಳದ ಹೊರತು ಈ ಪಥ್ಯ ಬದಲಾಗದು.

ಕಸಿಯಾದ ಅಂಗಾಂಶವನ್ನು ಮೊದಲ 72 ತಾಸು ಮೇಲಿಂದ ಮೇಲೆ ನೋಡುತ್ತಿರಬೇಕು: ಬೆಚ್ಚಗಿದೆಯೇ, ಬೆರಳಿಂದ ಒತ್ತಿ ಬಿಟ್ಟರೆ ರಕ್ತ ಮರಳುತ್ತದೆಯೇ ಎಂದು. ಕಪ್ಪು ಮೈಬಣ್ಣದಲ್ಲಿ ಬಣ್ಣದ ಬದಲಾವಣೆ ಸುಲಭವಾಗಿ ಗೊತ್ತಾಗದ ಕಾರಣ ಕಣ್ಣೊಂದನ್ನೇ ನಂಬುವಂತಿಲ್ಲ. ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಇಲ್ಲಿ ಅವಸರ ಸಲ್ಲದು.

ಮರುರಚನೆಯ ವಿಧಾನ ಆರಿಸುವಾಗ ಆಕೆಯ ದುಡಿಮೆಯನ್ನೂ ಕೇಳಬೇಕು. ಇಟಲಿಯ ತಾನ್ಸಿನಿ 1906ರಲ್ಲಿ ವಿವರಿಸಿದ, ಬೆನ್ನಿನ ಸ್ನಾಯು ಬಳಸುವ ವಿಧಾನದಲ್ಲಿ ಭುಜದ ಬಲ ಕೆಲಕಾಲ ಕುಗ್ಗಬಹುದು. ಹೊಟ್ಟೆಯ ಸ್ನಾಯು ತೆಗೆದರೆ ಹೊಟ್ಟೆಯ ಗೋಡೆ ಸಡಿಲಾಗಿ ಹರ್ನಿಯಾ ಆಗುವ ಭಯವಿದೆ. ದಿನವೂ ಜೋಳದ ರೊಟ್ಟಿ ಬಡಿಯುವ, ಕೊಡ ಎತ್ತುವ, ಹತ್ತಿ ಬಿಡಿಸುವ ಮೈಗೆ ಇವು ಸಣ್ಣ ಮಾತಲ್ಲ. ಭಾರ ಎತ್ತಬೇಡಿ ಎಂದರೆ ಸಾಲದು. ಆ ವಾರಗಳಲ್ಲಿ ನೀರು ತರುವವರು ಯಾರೆಂಬುದು ಭರ್ತಿಗೆ ಮುಂಚೆಯೇ ಇತ್ಯರ್ಥವಾಗಬೇಕು.

ಉಳಿದದ್ದು ಗಾಯದೊಳಗಿನ ದ್ರವ ಹೊರಹೋಗಲು ಇಟ್ಟ ಡ್ರೇನ್ ಕೊಳವೆ. ದಿನಕ್ಕೆ ಬರುವ ದ್ರವ ಸಾಮಾನ್ಯವಾಗಿ 30 ಮಿಲಿಗಿಂತ ಕಡಿಮೆಯಾದಾಗ ಅದನ್ನು ತೆಗೆಯುತ್ತಾರೆ. ಅಳೆದು ಬರೆದಿಡುವುದನ್ನು ಆಶಾ ಕಾರ್ಯಕರ್ತೆಗೆ ಕಲಿಸಿದರೆ, ಅದನ್ನಷ್ಟೇ ತೋರಿಸಲು ಹುಬ್ಬಳ್ಳಿಗೆ ಅಲೆಯುವುದು ತಪ್ಪುತ್ತದೆ. ಆಸ್ಪತ್ರೆಗಳು ಬಿಡುಗಡೆ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ, ಒಂದು ಪ್ರತಿಯನ್ನು ಆ ಊರಿನ ಆಶಾ ಕಾರ್ಯಕರ್ತೆಗೂ ಮುಟ್ಟಿಸಲಿ.